ಒಂದಂತಸ್ತಿನ ಕಟ್ಟಡಕ್ಕೆ ಲಕ್ಷಗಟ್ಟಲೆ ಕಂಪನಿಗಳು ಬಂದದ್ದು ಹೇಗೆ?

ಓದುಗರ ಪ್ರಶ್ನೆ: ಅಮೆರಿಕದ ದೊಡ್ಡ ಕಂಪನಿಗಳ ಕಾಗದಪತ್ರ ನೋಡಿದರೆ ಮುಕ್ಕಾಲು ಪಾಲು ‘ಡೆಲವೇರ್ ಕಾರ್ಪೊರೇಷನ್’ ಅಂತಲೇ ಇರುತ್ತದೆ. ಅಲ್ಲಿ ತೆರಿಗೆ ಇಲ್ಲವೇ? ಬೇರೆ ರಾಜ್ಯಗಳೂ ತೆರಿಗೆ ಇಳಿಸಿ ಕಂಪನಿಗಳನ್ನು ಸೆಳೆದುಕೊಳ್ಳಬಹುದಲ್ಲ?

ತೆರಿಗೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಡೆಲವೇರ್‌ನಲ್ಲಿ ನೋಂದಣಿಯಾದ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಾರ ಮಾಡಿದರೆ ಅಲ್ಲಿನ ತೆರಿಗೆ ಕಟ್ಟಲೇಬೇಕು. ಡೆಲವೇರ್‌ನಲ್ಲಿ ವ್ಯವಹಾರವೇ ಇಲ್ಲದಿದ್ದರೆ ಅಲ್ಲಿ ಆದಾಯ ತೆರಿಗೆ ಇಲ್ಲ, ನಿಜ. ಆದರೆ ‘ಫ್ರಾಂಚೈಸ್ ತೆರಿಗೆ’ ಅಂತ ವರ್ಷವರ್ಷವೂ ಕಟ್ಟಬೇಕು, ಷೇರುಪೇಟೆಯ ದೊಡ್ಡ ಕಂಪನಿಗಳಿಗೆ ಅದು 2,50,000 ಡಾಲರ್‌ವರೆಗೂ ಹೋಗುತ್ತದೆ. ಅಂದರೆ ಡೆಲವೇರ್ ಅಗ್ಗದ ಅಂಗಡಿಯಲ್ಲ. ಆದರೂ ಅಮೆರಿಕದ ಅತಿ ದೊಡ್ಡ ಕಂಪನಿಗಳ ಫಾರ್ಚೂನ್ 500 ಪಟ್ಟಿಯ ಸುಮಾರು ಮೂರನೇ ಎರಡರಷ್ಟು ಕಂಪನಿಗಳು ಅಲ್ಲೇ ಇವೆ. ವಿಲ್ಮಿಂಗ್ಟನ್ ಊರಿನ 1209, ನಾರ್ತ್ ಆರೆಂಜ್ ಸ್ಟ್ರೀಟ್ ವಿಳಾಸದ ಒಂದಂತಸ್ತಿನ ಕಟ್ಟಡವೊಂದರಲ್ಲೇ 2012ರ ಹೊತ್ತಿಗೆ 2,85,000ದಷ್ಟು ಕಂಪನಿಗಳಿಗೆ ಅಧಿಕೃತ ವಿಳಾಸವಿತ್ತು. ಒಳಗೆ ಇರುವುದು ಅವುಗಳ ಪರವಾಗಿ ನೋಟಿಸು ಪಡೆದುಕೊಳ್ಳುವ ಏಜೆಂಟ್ ಮಾತ್ರ.

ಇಲ್ಲೊಂದು ವ್ಯತ್ಯಾಸ ಮನಸ್ಸಿನಲ್ಲಿಡಬೇಕು. ಭಾರತದಲ್ಲಿ ಕಂಪನಿ ನೋಂದಣಿ ಕೇಂದ್ರದ ಕಾಯ್ದೆಯಡಿ ನಡೆಯುತ್ತದೆ. ಅಮೆರಿಕದಲ್ಲಿ ಅದು ರಾಜ್ಯಗಳ ಕೈಯಲ್ಲಿದೆ. ಕಾರ್ಖಾನೆ ಎಲ್ಲೇ ಇರಲಿ, ನಿರ್ದೇಶಕರಿಗೂ ಷೇರುದಾರರಿಗೂ ಜಗಳ ಬಂದರೆ ನೋಂದಣಿಯಾದ ರಾಜ್ಯದ ಕಾನೂನೇ ಅನ್ವಯ. ಹೀಗಾಗಿ ಅಲ್ಲಿ ರಾಜ್ಯಗಳು ಎರಡು ಬೇರೆ ಬೇರೆ ಸರಕು ಮಾರುತ್ತವೆ: ಒಂದು ಕಾನೂನು, ಇನ್ನೊಂದು ಜಾಗ. ಈ ಎರಡನ್ನೂ ಒಂದೇ ಅಂದುಕೊಂಡ ರಾಜ್ಯಗಳು ದುಡ್ಡು ಕಳೆದುಕೊಂಡಿವೆ.

ಕಾನೂನಿನ ವ್ಯಾಪಾರ ಶುರು ಮಾಡಿದ್ದು ಡೆಲವೇರ್ ಅಲ್ಲ, ನದಿಯ ಆಚೆ ದಡದ ನ್ಯೂಜೆರ್ಸಿ. ಒಂದು ಕಂಪನಿ ಇನ್ನೊಂದರ ಷೇರು ಇಟ್ಟುಕೊಳ್ಳಬಹುದು ಎಂದು 19ನೇ ಶತಮಾನದ ಕೊನೆಯಲ್ಲಿ ಅದು ಬಾಗಿಲು ತೆರೆದಾಗ ಸ್ಟ್ಯಾಂಡರ್ಡ್ ಆಯಿಲ್‌ನಂಥ ದೈತ್ಯರು ಅಲ್ಲಿಗೆ ನುಗ್ಗಿದರು. ಡೆಲವೇರ್ 1899ರಲ್ಲಿ ಹೆಚ್ಚುಕಡಿಮೆ ಅದನ್ನೇ ನಕಲು ಮಾಡಿ ತನ್ನ ಕಾಯ್ದೆ ಬರೆದುಕೊಂಡು ಕಾದು ಕೂತಿತು. 1913ರಲ್ಲಿ ವುಡ್ರೊ ವಿಲ್ಸನ್ ನ್ಯೂಜೆರ್ಸಿಯ ಗವರ್ನರ್ ಗಿರಿ ಬಿಟ್ಟು ಅಧ್ಯಕ್ಷ ಪದವಿಗೆ ಹೋಗುವ ಮುನ್ನ, ಏಕಸ್ವಾಮ್ಯಕ್ಕೆ ಮೂಗುದಾರ ಹಾಕುವ ಏಳು ಕಾಯ್ದೆಗಳಿಗೆ ಸಹಿ ಹಾಕಿದರು. ‘ಏಳು ಅಕ್ಕತಂಗಿಯರು’ ಅಂತ ಅವಕ್ಕೆ ಹೆಸರು. ಕಂಪನಿಗಳು ಗಂಟುಮೂಟೆ ಕಟ್ಟಿ ನದಿ ದಾಟಿದವು. ಕೆಲವೇ ವರ್ಷಗಳಲ್ಲಿ ನ್ಯೂಜೆರ್ಸಿ ತಪ್ಪಾಯಿತೆಂದು ಆ ಕಾಯ್ದೆಗಳನ್ನು ಹಿಂತೆಗೆದುಕೊಂಡರೂ ಹೋದವರು ಬರಲಿಲ್ಲ. ವಿಲ್ಸನ್ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಕಂಪನಿಗಳು ಕಲಿತ ಪಾಠ ಬೇರೆ: ಈ ರಾಜ್ಯ ಯಾವಾಗ ಬೇಕಾದರೂ ಮನಸ್ಸು ಬದಲಿಸಬಹುದು.

ಡೆಲವೇರ್ ಮಾರುವುದು ಇದರ ಉಲ್ಟಾ ಸರಕನ್ನು. ಅಲ್ಲಿ 1792ರಿಂದ ‘ಕೋರ್ಟ್ ಆಫ್ ಚಾನ್ಸರಿ’ ಇದೆ. ಜ್ಯೂರಿ ಇಲ್ಲ, ಕಂಪನಿ ವ್ಯಾಜ್ಯಗಳಲ್ಲೇ ಪಳಗಿದ ನ್ಯಾಯಾಧೀಶರು ಕಾರಣ ಬರೆದು ತೀರ್ಪು ಕೊಡುತ್ತಾರೆ. ನೂರು ವರ್ಷಕ್ಕೂ ಮಿಕ್ಕಿದ ತೀರ್ಪುಗಳ ರಾಶಿ ಇರುವುದರಿಂದ ‘ಹೀಗೆ ಮಾಡಿದರೆ ಏನಾಗುತ್ತದೆ’ ಎಂದು ವಕೀಲರು ಮೊದಲೇ ಹೇಳಬಲ್ಲರು. ಕಂಪನಿ ಕಾಯ್ದೆ ತಿದ್ದಲು ಶಾಸನಸಭೆಯಲ್ಲಿ ಮೂರನೇ ಎರಡರ ಬಹುಮತ ಬೇಕು. ನೋಂದಣಿ ಕಚೇರಿಯಲ್ಲಿ 1,000 ಡಾಲರ್ ಹೆಚ್ಚುವರಿ ಕಟ್ಟಿದರೆ ಒಂದು ಗಂಟೆಯೊಳಗೆ ಕಾಗದ ಮುಗಿಸಿ ಕೊಡುತ್ತಾರೆ. ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಒಮ್ಮೆಯಾದರೂ ಅರ್ಧ ದಿನ ಕೂತವರಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಗುಟ್ಟಿದೆ, ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ಸುಮಾರು ಹತ್ತು ಲಕ್ಷ ಜನರ ಈ ರಾಜ್ಯದ ಆದಾಯದಲ್ಲಿ ಕಾಲುಭಾಗಕ್ಕೂ ಹೆಚ್ಚು ಬರುವುದು ಈ ನೋಂದಣಿಗಳ ತೆರಿಗೆ, ಶುಲ್ಕಗಳಿಂದ. ಕಂಪನಿಗಳನ್ನು ಕೆಣಕಿದರೆ ಖಜಾನೆಯೇ ಕುಸಿಯುತ್ತದೆ ಎಂಬುದು ಎರಡೂ ಕಡೆಯವರಿಗೆ ಗೊತ್ತು. ದೊಡ್ಡ ರಾಜ್ಯಗಳು ಡೆಲವೇರ್‌ನ ಕಾಯ್ದೆಯನ್ನು ಅಕ್ಷರಶಃ ನಕಲು ಮಾಡಬಹುದು, ಆ ಪರಾಧೀನತೆಯನ್ನು ನಕಲು ಮಾಡಲಾಗದು.

ಇನ್ನು ಜಾಗದ ವ್ಯಾಪಾರ. ಇಲ್ಲಿ ಕಾನೂನು ಬದಲಿಸಿ ನಿಜವಾದ ಕೆಲಸಗಳನ್ನೇ ತಂದ ರಾಜ್ಯವೂ ಉಂಟು. ಬ್ಯಾಂಕು ತಾನಿರುವ ರಾಜ್ಯದ ಬಡ್ಡಿದರವನ್ನೇ ಹೊರಗಿನ ಗ್ರಾಹಕರಿಗೂ ಹಾಕಬಹುದು ಎಂದು 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ದಕ್ಷಿಣ ಡಕೋಟ 1980ರಲ್ಲಿ ಬಡ್ಡಿಯ ಮಿತಿಯನ್ನೇ ತೆಗೆದುಹಾಕಿತು. ನ್ಯೂಯಾರ್ಕ್‌ನ ಮಿತಿಯಲ್ಲಿ ಒದ್ದಾಡುತ್ತಿದ್ದ ಸಿಟಿಬ್ಯಾಂಕ್ ತನ್ನ ಕ್ರೆಡಿಟ್ ಕಾರ್ಡ್ ವಿಭಾಗವನ್ನು ದಕ್ಷಿಣ ಡಕೋಟದ ಸೂ ಫಾಲ್ಸ್ ಊರಿಗೆ ಒಯ್ದಿತು. ಊರಿಗೆ ಕೆಲಸ ಸಿಕ್ಕಿತು, ಬಡ್ಡಿ ಕಟ್ಟಿದವರು ದೇಶದ ತುಂಬ ಇದ್ದರು.

ಆದರೆ ಹೆಚ್ಚಿನ ರಾಜ್ಯಗಳು ಹಿಡಿಯುವುದು ರಿಯಾಯಿತಿಯ ದಾರಿ. ಕ್ಯಾನ್ಸಸ್ ಸಿಟಿಯ ನಡುವೆ ಎರಡು ರಾಜ್ಯಗಳ ಗಡಿಯಾಗಿ ಒಂದು ರಸ್ತೆ ಹಾದುಹೋಗುತ್ತದೆ, ಹೆಸರೇ ‘ಸ್ಟೇಟ್ ಲೈನ್ ರೋಡ್’. ಮಿಸೌರಿಯ ಕಂಪನಿಗೆ ಕ್ಯಾನ್ಸಸ್ ತೆರಿಗೆ ವಿನಾಯಿತಿ ಕೊಟ್ಟು ಕರೆಯುವುದು, ಕ್ಯಾನ್ಸಸ್‌ನದ್ದಕ್ಕೆ ಮಿಸೌರಿ ಕರೆಯುವುದು ವರ್ಷಗಟ್ಟಲೆ ನಡೆಯಿತು. ಎಷ್ಟೋ ನೌಕರರಿಗೆ ಮನೆ ಬದಲಾಗಲಿಲ್ಲ, ಆಫೀಸಿಗೆ ಹೋಗುವ ದಾರಿ ಬದಲಾಯಿತು ಅಷ್ಟೆ. ಎರಡೂ ಖಜಾನೆ ಸೋರಿದ ಮೇಲೆ 2019ರಲ್ಲಿ ಕದನವಿರಾಮ ಮಾಡಿಕೊಂಡರು.

ವಿಸ್ಕಾನ್ಸಿನ್ ಕತೆ ಇನ್ನೂ ದೊಡ್ಡದು. 2017ರಲ್ಲಿ ಫಾಕ್ಸ್‌ಕಾನ್ 1,000 ಕೋಟಿ ಡಾಲರ್ ಹೂಡಿಕೆ, 13,000 ಕೆಲಸ ಎಂದಿತು. ರಾಜ್ಯ ಸುಮಾರು 300 ಕೋಟಿ ಡಾಲರ್ ಪ್ರೋತ್ಸಾಹಧನದ ಮಾತು ಕೊಟ್ಟಿತು. 2021ರಲ್ಲಿ ಕರಾರು ಹೊಸದಾಗಿ ಬರೆದಾಗ ಉಳಿದದ್ದು 1,454 ಕೆಲಸ, 67.2 ಕೋಟಿ ಡಾಲರ್ ಹೂಡಿಕೆ, 8 ಕೋಟಿ ಡಾಲರ್ ಪ್ರೋತ್ಸಾಹ. ಕೆಲಸ ಕೊಟ್ಟಷ್ಟೇ ದುಡ್ಡು ಎಂಬ ಷರತ್ತು ಮೊದಲೇ ಇದ್ದದ್ದರಿಂದ ರಾಜ್ಯದ ದೊಡ್ಡ ಮೊತ್ತ ಉಳಿಯಿತು. ಆದರೆ ಸ್ಥಳೀಯ ಆಡಳಿತ ಭೂಮಿಗೆ, ರಸ್ತೆಗೆ, ನೀರಿಗೆ ಸುರಿದದ್ದು ಆಗಲೇ ಸುರಿದಾಗಿತ್ತು.

ಇಂಥ ಪ್ರೋತ್ಸಾಹಧನದಿಂದಲೇ ನಿರ್ಧಾರ ಬದಲಿಸಿದ ಕಂಪನಿಗಳು ನೂರಕ್ಕೆ 2ರಿಂದ 25 ಮಾತ್ರ ಎಂಬುದು ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ ಅವರ ಅಂದಾಜು. ಮಿಕ್ಕವರು ಹೇಗೂ ಬರುತ್ತಿದ್ದರು. ಬರುವ ನೆಂಟರಿಗೆ ಬಸ್ ಚಾರ್ಜು ಕೊಟ್ಟ ಹಾಗೆ. ಬೇರೆ ದಾರಿ ಹಿಡಿದ ಉತ್ತರ ಕೆರೊಲಿನಾ 1959ರಲ್ಲಿ ಮೂರು ವಿಶ್ವವಿದ್ಯಾಲಯಗಳ ನಡುವೆ ‘ರಿಸರ್ಚ್ ಟ್ರಯಾಂಗಲ್ ಪಾರ್ಕ್’ ಎಂಬ ಸಂಶೋಧನಾ ಪ್ರದೇಶ ಕಟ್ಟಿತು. ಐಬಿಎಂ ಬರಲು ಆರು ವರ್ಷ ಹಿಡಿಯಿತು. ಕಂಪನಿ ಎದ್ದು ಹೋದರೂ ವಿಶ್ವವಿದ್ಯಾಲಯ ಎದ್ದು ಹೋಗುವುದಿಲ್ಲವಲ್ಲ. ಆದರೆ ಆರು ವರ್ಷ ಕಾಯುವಷ್ಟು ವ್ಯವಧಾನ ಚುನಾವಣೆ ಎದುರಿಸುವವರಿಗೆ ಎಲ್ಲಿಂದ ಬರಬೇಕು?

ಹಾಗಾದರೆ ಡೆಲವೇರ್‌ಗೆ ಎದುರಾಳಿಯೇ ಇಲ್ಲವೇ? ಈಗ ಇದೆ. ಟೆಸ್ಲಾ ಕಂಪನಿ ತನ್ನ ಮುಖ್ಯಸ್ಥ ಈಲಾನ್ ಮಸ್ಕ್ ಅವರಿಗೆ ಗೊತ್ತುಮಾಡಿದ್ದ ಸುಮಾರು 5,600 ಕೋಟಿ ಡಾಲರ್ ಸಂಭಾವನೆಯನ್ನು 2024ರ ಜನವರಿಯಲ್ಲಿ ಚಾನ್ಸರಿ ಕೋರ್ಟು ರದ್ದು ಮಾಡಿತು. ಅದೇ ವರ್ಷ ಟೆಸ್ಲಾ ತನ್ನ ನೋಂದಣಿಯನ್ನು ಟೆಕ್ಸಸ್‌ಗೆ ಒಯ್ದಿತು. ಸೆಪ್ಟೆಂಬರಿನಲ್ಲಿ ಟೆಕ್ಸಸ್ ಪ್ರತ್ಯೇಕ ವಾಣಿಜ್ಯ ನ್ಯಾಯಾಲಯ ತೆರೆಯಿತು. ಗಾಬರಿಬಿದ್ದ ಡೆಲವೇರ್ 2025ರ ಮಾರ್ಚ್‌ನಲ್ಲಿ ಕಂಪನಿಯ ಹಿಡಿತ ಕೈಯಲ್ಲಿಟ್ಟುಕೊಂಡ ನಿಯಂತ್ರಕ ಷೇರುದಾರರಿಗೆ ಅನುಕೂಲವಾಗುವಂತೆ ಕಾಯ್ದೆ ತಿದ್ದಿತು. ಸಣ್ಣ ಷೇರುದಾರರ ಪರ ವಕೀಲರು ಕೂಗಾಡಿದರು. ಅವರ ಕೂಗಿನಲ್ಲಿ ಸತ್ಯವಿದೆ, ಗಿರಾಕಿಯ ಮೇಲೆ ಇಷ್ಟು ಅವಲಂಬಿಸಿದವರು ಗಿರಾಕಿಯ ಕಡೆಗೇ ವಾಲುತ್ತಾರೆ.

ಟೆಕ್ಸಸ್ ಗೆಲ್ಲುತ್ತದೆಯೇ ಎಂದು ಕೇಳಿದರೆ ನಾನು ಒಂದೇ ಅಂಕಿ ನೋಡುತ್ತೇನೆ. ಅಲ್ಲಿನ ಹೊಸ ನ್ಯಾಯಾಲಯದ ನ್ಯಾಯಾಧೀಶರನ್ನು ಗವರ್ನರ್ ನೇಮಿಸುವುದು ಎರಡು ವರ್ಷಕ್ಕೆ. ಡೆಲವೇರ್‌ನಲ್ಲಿ ಆ ಅವಧಿ 12 ವರ್ಷ.