ಗೀರಿದಲ್ಲೇ ಬೆಳಕು

ಅಣ್ಣನ ಮಗಳ ಹುಟ್ಟುಹಬ್ಬಕ್ಕೆ ಯಾರೋ ನೈಟ್ ಲ್ಯಾಂಪ್ ಒಂದನ್ನು ಕೊಟ್ಟಿದ್ದಾರೆ. ಅಂಗೈಯಗಲದ ಮರದ ಪೀಠ, ಅದರ ಸೀಳಿನಲ್ಲಿ ನಿಲ್ಲಿಸಿದ ಅಕ್ರಿಲಿಕ್ (ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್) ಶೀಟು, ಶೀಟಿನ ಮೇಲೆ ಕೊರೆದ ಅವಳ ಹೆಸರು, ಪಕ್ಕದಲ್ಲೊಂದು ನವಿಲು. ಸ್ವಿಚ್ ಹಾಕಿದರೆ ಹೆಸರೂ ನವಿಲೂ ಗಾಳಿಯಲ್ಲಿ ತೇಲಿದಂತೆ ಹೊಳೆಯುತ್ತವೆ. ಉಳಿದ ಶೀಟು ಇದೆಯೋ ಇಲ್ಲವೋ ಅನ್ನಿಸುತ್ತದೆ. "ಚಿಕ್ಕಪ್ಪ, ಲೈಟು ಇರೋದು ಕೆಳಗೆ. ನವಿಲು ಮೇಲಿದೆ. ಮಧ್ಯದಲ್ಲಿ ಬೆಳಕು ಯಾಕೆ ಕಾಣಲ್ಲ?" ಎಂದಳು.

ಕಾಣುವುದಿಲ್ಲ, ಏಕೆಂದರೆ ಬೆಳಕು ಒಳಗೇ ಸೆರೆಯಾಗಿದೆ. ಪೀಠದೊಳಗೆ ಸಾಲಾಗಿ ಕೂತ ಪುಟ್ಟ ಎಲ್‌ಇಡಿಗಳು ಶೀಟಿನ ಕೆಳ ಅಂಚಿಗೆ ಬೆಳಕು ಚೆಲ್ಲುತ್ತವೆ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಸುಮಾರು 1.49. ಹಾಗಾಗಿ ಕಿರಣ ಎಷ್ಟೇ ಓರೆಯಾಗಿ ಹೊಕ್ಕರೂ, ಒಳಗೆ ಅದು ನೇರ ಮೇಲ್ಮುಖ ದಾರಿಯಿಂದ 42 ಡಿಗ್ರಿಗಿಂತ ಆಚೆ ವಾಲದು. ಇನ್ನು ಶೀಟಿನ ಮುಖದ ಮೂಲಕ ಹೊರಬೀಳಬೇಕಾದರೆ, ಆ ಮುಖದ ಲಂಬರೇಖೆಗೆ 42 ಡಿಗ್ರಿಯೊಳಗೆ ಬಂದು ಬಡಿಯಬೇಕು. ನಮ್ಮ ಕಿರಣಗಳೋ, ಕಡಿಮೆಯೆಂದರೂ 48 ಡಿಗ್ರಿ (90ರಲ್ಲಿ 42 ಕಳೆದರೆ ಉಳಿಯುವಷ್ಟು) ಓರೆಯಲ್ಲಿ ಬರುತ್ತವೆ. ಮುಖ ನುಣುಪಾಗಿದ್ದಷ್ಟು ಹೊತ್ತೂ ಎಲ್ಲವೂ ಒಳಕ್ಕೇ ಪುಟಿಯುತ್ತವೆ, ಕೊನೆಗೆ ಮೇಲಿನ ಅಂಚಿನಲ್ಲಿ ಹೊರಬೀಳುತ್ತವೆ. ಆ ಅಂಚು ದಾರದಂತೆ ಮಿನುಗುವುದು ಇದಕ್ಕೇ. ಶಾಲೆಯಲ್ಲಿ ಓದಿದ ಪೂರ್ಣ ಆಂತರಿಕ ಪ್ರತಿಫಲನ ಇದೇ. ಜಿನೀವಾದ ಭೌತವಿಜ್ಞಾನಿ ಡೇನಿಯಲ್ ಕೊಲಾಡಾನ್ 1840ರ ದಶಕದ ಆರಂಭದಲ್ಲೇ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕನ್ನು ಹೀಗೆ ಸಾಗಿಸಿ ತೋರಿಸಿದ್ದರು.

ಕೊರೆದ ಜಾಗದಲ್ಲಿ ನುಣುಪು ಕೆಡುತ್ತದೆ. ಅಲ್ಲಿ ಸಾವಿರಾರು ಸಣ್ಣ ತಗ್ಗುದಿಣ್ಣೆಗಳು, ಒಂದೊಂದಕ್ಕೂ ಒಂದೊಂದು ಓರೆ. ಅವಕ್ಕೆ ತಾಗಿದ ಬೆಳಕು ಚದುರಿ ನಮ್ಮ ಕಣ್ಣಿಗೆ ಬರುತ್ತದೆ.

ಕೊರೆಯುವುದು ಸಾಮಾನ್ಯವಾಗಿ ಕಾರ್ಬನ್ ಡೈಆಕ್ಸೈಡ್ ಲೇಸರ್. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದದ್ದು. ಅದರ ಕಿರಣದ ತರಂಗದೂರ 10.6 ಮೈಕ್ರೋಮೀಟರ್, ನಮಗೆ ಕಾಣದ ಅವಕೆಂಪು. ತಮಾಷೆ ನೋಡಿ, ಕಾಣುವ ಬೆಳಕಿನ ನೂರರಲ್ಲಿ 92 ಪಾಲನ್ನು ಸಲೀಸಾಗಿ ಬಿಟ್ಟುಕೊಡುವ ಅಕ್ರಿಲಿಕ್ ಈ ಕಿರಣಕ್ಕೆ ಮಾತ್ರ ಗೋಡೆ. ಮೇಲ್ಪದರವೇ ಶಾಖವನ್ನೆಲ್ಲ ಹೀರಿ ಆವಿಯಾಗುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಶೀಟಾದರೆ ಕೊರೆದ ಗೆರೆ ಹಿಮದಂತೆ ಬೆಳ್ಳಗಾಗುತ್ತದೆ. ಯಂತ್ರದಿಂದ ಒತ್ತಿ ಎಳೆದ ಅಗ್ಗದ ಶೀಟು ಕರಗಿ ಮತ್ತೆ ನುಣುಪಾಗಿಬಿಡುತ್ತದೆ, ಚಿತ್ರ ಮಂಕು. ನಾನು ಹಿಂದೊಮ್ಮೆ ದುಡ್ಡು ಕೊಟ್ಟು ಮಾಡಿಸಿದ ದೀಪ ಹೀಗೇ ಮಂಕಾಗಿತ್ತು. ತಪ್ಪೆಲ್ಲ ಎಲ್‌ಇಡಿಯದೇ ಅಂದುಕೊಂಡಿದ್ದೆ.

ಬೆಳಕಿಗೆ ನವಿಲು ಯಾವುದು, ಗೀರು ಯಾವುದು ಎಂಬ ಭೇದವಿಲ್ಲ. ಮೊನ್ನೆ ಧೂಳು ಕೂತಿದೆಯೆಂದು ಒಣ ಬಟ್ಟೆಯಲ್ಲಿ ಗಸಗಸ ಒರೆಸಿದೆ. ಹಗಲಲ್ಲಿ ಏನೂ ಕಾಣಲಿಲ್ಲ. ರಾತ್ರಿ ನೋಡಿದರೆ ನವಿಲಿನ ಮೈಮೇಲೆಲ್ಲ ಕೂದಲೆಳೆಯ ಬೆಳ್ಳಿಗೆರೆಗಳು! ಗಾಜಿಗಿಂತ ಅಕ್ರಿಲಿಕ್ ಬಲು ಮೆದು. ಧೂಳಿನೊಳಗಿನ ಮರಳಕಣ ಸಾಕು. ಒದ್ದೆ ಮಾಡಿದ ಮೆತ್ತನೆ ಬಟ್ಟೆಯೇ ಸರಿ. ಬೆರಳಚ್ಚೂ ಹೊಳೆಯುತ್ತದೆ, ಆದರೆ ಕಾರಣ ಬೇರೆ. ಬೆರಳಿನ ಜಿಡ್ಡು ಅಕ್ರಿಲಿಕ್‌ಗೆ ಅಂಟಿದಲ್ಲಿ ಹೊರಗೆ ಗಾಳಿಯಿಲ್ಲ, ಹಾಗಾಗಿ ಆ 42 ಡಿಗ್ರಿಯ ಲೆಕ್ಕವೂ ಇಲ್ಲ. ಬೆಳಕು ಜಿಡ್ಡಿನೊಳಕ್ಕೆ ನುಸುಳಿ ಚದುರುತ್ತದೆ. ಬೆರಳಚ್ಚು ಓದುವ ಎಷ್ಟೋ ಸ್ಕ್ಯಾನರುಗಳು ನಡೆಯುವುದು ಈ ಉಪಾಯದಲ್ಲೇ.

ಬಣ್ಣದ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರಿದೆ. ಇಂಥ ದೀಪಗಳಲ್ಲಿ ನೀಲಿಗೇ ಮೆರುಗು ಹೆಚ್ಚು. ಆದರೆ ಹಗಲು-ರಾತ್ರಿಯನ್ನು ಮಿದುಳಿಗೆ ತಿಳಿಸುವ ಕಣ್ಣಿನ ಜೀವಕೋಶಗಳು 480 ನ್ಯಾನೋಮೀಟರ್ ಆಸುಪಾಸಿನ ನೀಲಿಗೇ ಹೆಚ್ಚು ಸ್ಪಂದಿಸುತ್ತವೆ, ಇದರಿಂದ ನಿದ್ದೆಗೆ ನೆರವಾಗುವ ಮೆಲಟೋನಿನ್ ಹಾರ್ಮೋನಿನ ಸ್ರವಿಕೆಗೆ ಅಡ್ಡಿಯಾಗುತ್ತದೆ. ಮಲಗುವ ಕೋಣೆಗೆ ಮಂದವಾದ ಕಿತ್ತಳೆ ಬಣ್ಣ ಒಳ್ಳೆಯದು. ಕಿತ್ತಳೆ ನವಿಲು ಎಲ್ಲಾದರೂ ಉಂಟೇ ಎಂದು ಅವಳು ಜಗಳಕ್ಕೆ ನಿಂತಳು. ಊಟದವರೆಗೆ ನೀಲಿ, ಊಟವಾದ ಮೇಲೆ ಕಿತ್ತಳೆ ಎಂದು ಸದ್ಯಕ್ಕೆ ರಾಜಿಯಾಗಿದೆ.