ಪ್ರೋಗ್ರಾಮಿಂಗ್ ಬಾರದ ಶಿಕ್ಷಕರು ಪವರ್‌ಪಾಯಿಂಟ್‌ನಲ್ಲಿ ಮಕ್ಕಳೇ ನಡೆಸುವ ಪಾಠ ಕಟ್ಟಬಹುದೇ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ತಯಾರಿಸಿ ಪ್ರೊಜೆಕ್ಟರ್‌ನಲ್ಲಿ ತೋರಿಸುವುದು ನನಗೆ ರೂಢಿಯಿದೆ. ಆದರೆ ಮಕ್ಕಳು ಕಂಪ್ಯೂಟರ್ ಲ್ಯಾಬ್‌ನಲ್ಲಿ ತಾವೇ ಕುಳಿತು, ಉತ್ತರ ಆರಿಸಿ, ತಪ್ಪಿದರೆ ತಿದ್ದಿಕೊಂಡು ಮುಂದೆ ಹೋಗುವಂಥ ಪಾಠವನ್ನು ಇದೇ ತಂತ್ರಾಂಶದಲ್ಲಿ ಮಾಡಲು ಸಾಧ್ಯವೇ? ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ.

ಉತ್ತರ: ಖಂಡಿತ ಸಾಧ್ಯ, ಮತ್ತು ಅದಕ್ಕೆ ಒಂದು ಸಾಲು ಕೋಡ್ ಕೂಡ ಬೇಕಾಗುವುದಿಲ್ಲ. ಒಂದು ಸ್ಲೈಡ್‌ನಿಂದ ಬೇಕಾದ ಇನ್ನೊಂದು ಸ್ಲೈಡ್‌ಗೆ ಕರೆದೊಯ್ಯುವ ಲಿಂಕ್, ಪರದೆಯ ಮೇಲಿನ ಒಂದು ವಸ್ತುವನ್ನು ಒತ್ತಿದಾಗ ಮತ್ತೊಂದನ್ನು ತೋರಿಸುವ ಅಥವಾ ಮರೆಮಾಡುವ ಟ್ರಿಗರ್, ಲಿಂಕ್ ಬಿಟ್ಟು ಬೇರೆಲ್ಲಿ ಒತ್ತಿದರೂ ಸ್ಲೈಡ್ ಕದಲದಂತೆ ಮಾಡುವ ಕಿಯೋಸ್ಕ್ ವ್ಯವಸ್ಥೆ, ಈ ಮೂರನ್ನು ಅರಿತರೆ ಸಾಕು. ಇವನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಹೆಚ್ಚು ಸಮಯ ಬೇಡುವ, ಹಾಗೆ ಸಮಯ ಕೊಟ್ಟಷ್ಟೂ ಪಾಠವನ್ನು ಗಟ್ಟಿಗೊಳಿಸುವ ಕೆಲಸ ಬೇರೆ ಇದೆ: ಮಕ್ಕಳು ಯಾವ ತಪ್ಪು ಉತ್ತರ ಕೊಡುತ್ತಾರೆ, ಏಕೆ ಕೊಡುತ್ತಾರೆ ಎಂಬುದನ್ನು ಮೊದಲೇ ಯೋಚಿಸಿ ಪ್ರತಿ ತಪ್ಪಿಗೂ ಅದರದೇ ಒಂದು ಸ್ಲೈಡ್ ಬರೆಯುವುದು. ಅದಿಲ್ಲದ ಪಾಠದಲ್ಲಿ ಎಷ್ಟು ಗುಂಡಿಗಳಿದ್ದರೂ ಮಗು ಕಲಿಯುವುದು ಗುಂಡಿ ಒತ್ತುವುದನ್ನು ಮಾತ್ರ ಎಂಬುದು ನನ್ನ ದೃಢ ಅಭಿಪ್ರಾಯ.

ಈ ವಿಚಾರ ಪವರ್‌ಪಾಯಿಂಟ್‌ಗಿಂತ ಹಳೆಯದು. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1954ರಲ್ಲಿ ತೋರಿಸಿದ ಕಲಿಕಾ ಯಂತ್ರವು ಪಾಠವನ್ನು ಬಹಳ ಚಿಕ್ಕ ಹೆಜ್ಜೆಗಳಾಗಿ ಒಡೆದು, ಎಲ್ಲ ವಿದ್ಯಾರ್ಥಿಗಳನ್ನೂ ಒಂದೇ ಹಾದಿಯಲ್ಲಿ, ತಪ್ಪಲು ಆಸ್ಪದವೇ ಕಡಿಮೆ ಇರುವಂತೆ ನಡೆಸುತ್ತಿತ್ತು. ಅಮೆರಿಕದ ವಾಯುಪಡೆಯ ತಂತ್ರಜ್ಞರ ತರಬೇತಿಯಲ್ಲಿ ದುಡಿದಿದ್ದ ನಾರ್ಮನ್ ಕ್ರೌಡರ್ ಅದೇ ದಶಕದಲ್ಲಿ ಬೇರೆ ದಾರಿ ಹಿಡಿದರು. ಅವರ ಕವಲು ವಿಧಾನದ ಪುಸ್ತಕಗಳಲ್ಲಿ ಪ್ರತಿ ಉತ್ತರದ ಪಕ್ಕ ಒಂದು ಪುಟಸಂಖ್ಯೆ ಇರುತ್ತಿತ್ತು. ಓದುಗ ತಾನು ಆರಿಸಿದ ಉತ್ತರದ ಪುಟಕ್ಕೆ ಹೋದರೆ, ಉತ್ತರ ತಪ್ಪಾಗಿದ್ದಲ್ಲಿ ಆ ತಪ್ಪು ಎಲ್ಲಿ ಹುಟ್ಟಿತೆಂಬ ವಿವರಣೆ ಅಲ್ಲಿ ಸಿಗುತ್ತಿತ್ತು. ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂತೋಷ್ ಗಣಕಕ್ಕೆಂದು ಬಂದಾಗ ಅದು ಸಭೆಯಲ್ಲಿ ಮಾತನಾಡುವವರ ಸಾಧನವಾಗಿತ್ತು, ಇಂದಿಗೂ ಬಹುಮಟ್ಟಿಗೆ ಹಾಗೆಯೇ ಇದೆ. ಅದರಲ್ಲಿ ಸ್ಲೈಡ್‌ಗಳನ್ನು ಲಿಂಕ್‌ಗಳಿಂದ ಹೆಣೆದಾಗ ನಾವು ಮಾಡುವುದು ಕ್ರೌಡರ್ ಅವರ ಪುಸ್ತಕವನ್ನೇ.

ಒಂದು ನಿಜವಾದ ಪಾಠವನ್ನು ತೆಗೆದುಕೊಳ್ಳೋಣ. ಕನ್ನಡ ಸಂಧಿಗಳು, ಅಂದರೆ ಲೋಪ, ಆಗಮ, ಆದೇಶ, ಕವಲು ಪಾಠಕ್ಕೆ ಹೇಳಿ ಮಾಡಿಸಿದ ವಿಷಯ. ಪ್ರಶ್ನೆಯ ಸ್ಲೈಡ್‌ನಲ್ಲಿ ‘ಬೆಟ್ಟದಾವರೆ’ ಎಂಬ ಪದವಿದೆ; ಇದು ಯಾವ ಸಂಧಿ ಎಂದು ಕೇಳಿ ಮೂರು ಗುಂಡಿಗಳನ್ನು ಇಟ್ಟಿದ್ದೀರಿ. ಸರಿಯುತ್ತರ ಆದೇಶ. ಆದರೆ ಆಗಮ ಎಂದು ಒತ್ತಿದ ಮಗು ಸುಮ್ಮನೆ ಊಹಿಸಿಲ್ಲದಿರಬಹುದು: ಬೆಟ್ಟ, ತಾವರೆ ಎರಡರಲ್ಲೂ ಇಲ್ಲದ ದಕಾರ ಅದರ ಕಣ್ಣಿಗೆ ಬಿದ್ದಿದೆ, ಹೊಸ ಅಕ್ಷರ ಬಂದರೆ ಆಗಮ ಎಂದು ಅದು ಓದಿಕೊಂಡಿದೆ. ಹಾಗಾಗಿ ಆ ಗುಂಡಿ ತೆರೆಯುವ ಸ್ಲೈಡ್‌ನಲ್ಲಿ ‘ಮರ + ಅನ್ನು = ಮರವನ್ನು’ ಎಂಬುದನ್ನು ಮೇಲೆ ಬರೆದು, ಇಲ್ಲಿ ವಕಾರ ಬಂದ ಮೇಲೂ ಎರಡು ಪದಗಳ ಅಕ್ಷರಗಳು ಹಾಗೆಯೇ ಉಳಿದಿವೆ ಎಂದು ತೋರಿಸಿ, ಕೆಳಗೆ ‘ಬೆಟ್ಟದಾವರೆಯಲ್ಲಿ ತಕಾರ ಎಲ್ಲಿದೆ, ಹುಡುಕು’ ಎಂದು ಕೇಳಬೇಕು. ಲೋಪ ಎಂದು ಒತ್ತಿದ ಮಗು ಅದೇ ತಕಾರ ಕಾಣೆಯಾದುದನ್ನು ಗಮನಿಸಿದೆ, ಆದರೆ ಅದರ ಜಾಗಕ್ಕೆ ಬಂದುದನ್ನು ಗಮನಿಸಿಲ್ಲ. ಅದಕ್ಕೆ ‘ಊರು + ಊರು = ಊರೂರು’ ತೋರಿಸಿ, ಇಲ್ಲಿ ಮೊದಲ ಪದದ ಕೊನೆಯ ಉಕಾರ ಹೋಯಿತು, ಅದರ ಜಾಗಕ್ಕೆ ಯಾರೂ ಬರಲಿಲ್ಲ; ಬೆಟ್ಟದಾವರೆಯಲ್ಲಿ ತಕಾರದ ಜಾಗ ಖಾಲಿ ಇದೆಯೇ ಎಂದು ಕೇಳಬೇಕು. ಎರಡು ತಪ್ಪುಗಳಿಗೆ ಎರಡು ಬೇರೆ ಮಾತು ಬೇಕಾಯಿತು ಎಂಬುದನ್ನು ಗಮನಿಸಿ. ‘ತಪ್ಪು, ಮತ್ತೊಮ್ಮೆ ಪ್ರಯತ್ನಿಸಿ’ ಎಂಬ ಒಂದೇ ಸ್ಲೈಡ್ ಇಬ್ಬರಿಗೂ ಏನನ್ನೂ ಕಲಿಸುತ್ತಿರಲಿಲ್ಲ. ಸರಿಯುತ್ತರದ ಸ್ಲೈಡ್ ಕೂಡ ಬರಿಯ ಶಭಾಷ್‌ಗಿರಿಯಲ್ಲಿ ಮುಗಿಯದೆ, ತಕಾರದ ಜಾಗಕ್ಕೆ ದಕಾರ ಬಂದಿದೆ ಎಂಬ ಕಾರಣವನ್ನು ಹೇಳಲಿ, ಏಕೆಂದರೆ ಊಹಿಸಿ ಒತ್ತಿದವರೂ ಅಲ್ಲಿಗೇ ಬರುತ್ತಾರೆ.

ತಪ್ಪಿನ ಸ್ಲೈಡ್‌ನಿಂದ ಮಗುವನ್ನು ಎಲ್ಲಿಗೆ ಕಳಿಸಬೇಕು? ಸಾಮಾನ್ಯವಾಗಿ ಎಲ್ಲರೂ ಮೊದಲಿನ ಪ್ರಶ್ನೆಗೇ ಹಿಂದಿರುಗಿಸುತ್ತಾರೆ. ಅಲ್ಲಿ ಮಗು ಈಗಾಗಲೇ ಒತ್ತಿದ ಗುಂಡಿಯನ್ನು ಬಿಟ್ಟು ಉಳಿದವನ್ನು ಒತ್ತುತ್ತದೆ. ವಿವರಣೆಯನ್ನು ಓದದೆಯೂ ದಾಟಿಬಿಡಬಹುದು. ಅದರ ಬದಲು ಅದೇ ಬಗೆಯ ಇನ್ನೊಂದು ಪದಕ್ಕೆ, ಉದಾಹರಣೆಗೆ ‘ಹೊಸಗನ್ನಡ’ಕ್ಕೆ ಕಳಿಸಿ. ಆಗಮವೆಂದು ತಪ್ಪಿದವರು, ಲೋಪವೆಂದು ತಪ್ಪಿದವರು ಇಬ್ಬರೂ ಇದೇ ಎರಡನೆಯ ಪ್ರಶ್ನೆಯಲ್ಲಿ ಸೇರಿಕೊಳ್ಳಲಿ, ಇಲ್ಲವಾದರೆ ಕವಲಿಗೆ ಕವಲು ಒಡೆದು ಸ್ಲೈಡ್‌ಗಳ ಲೆಕ್ಕ ಕೈಮೀರುತ್ತದೆ. ಮೂರು ಆಯ್ಕೆಗಳ ಒಂದು ಪ್ರಶ್ನೆಗೆ ಪ್ರತಿಕ್ರಿಯೆ ಸೇರಿ 4 ಸ್ಲೈಡ್ ಬೇಕು; ಎಂಟು ಪ್ರಶ್ನೆಗಳಿಗೆ 32. ಆದ್ದರಿಂದ ಗಣಕದ ಮುಂದೆ ಕೂರುವ ಮೊದಲು ದೊಡ್ಡ ಹಾಳೆಯ ಮೇಲೆ ಚೌಕಗಳನ್ನೂ ಬಾಣಗಳನ್ನೂ ಬರೆದು ಪಾಠದ ನಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಮೊದಲ ಪ್ರಯತ್ನಕ್ಕೆ ಮೂರು ನಾಲ್ಕು ಪ್ರಶ್ನೆಗಳ ಪಾಠವೇ ಸಾಕು.

ಇನ್ನು ಕಟ್ಟುವ ಕೆಲಸ. ಮೊದಲು ಎಲ್ಲ ಸ್ಲೈಡ್‌ಗಳನ್ನೂ ಲಿಂಕ್ ಇಲ್ಲದೆ ಬರೆದು ಮುಗಿಸಿ, ಪ್ರತಿಯೊಂದಕ್ಕೂ ಶೀರ್ಷಿಕೆ ಕೊಡಿ. ಲಿಂಕ್ ಹಾಕುವಾಗ ತಂತ್ರಾಂಶವು ಸ್ಲೈಡ್‌ಗಳ ಪಟ್ಟಿಯನ್ನು ಶೀರ್ಷಿಕೆಗಳಿಂದಲೇ ತೋರಿಸುತ್ತದೆ. ಶೀರ್ಷಿಕೆ ಇಲ್ಲದಿದ್ದರೆ ‘ಸ್ಲೈಡ್ 17’, ‘ಸ್ಲೈಡ್ 18’ ಎಂಬ ಸಾಲು ಮಾತ್ರ ಕಾಣಿಸಿ, ಯಾವುದು ಯಾವುದೆಂದು ತಿಳಿಯದೆ ತಪ್ಪು ಲಿಂಕ್‌ಗಳು ನುಸುಳುತ್ತವೆ. ‘ಪ್ರಶ್ನೆ 1, ಆಗಮ ಆರಿಸಿದವರಿಗೆ’ ಎಂಬಂಥ ಶೀರ್ಷಿಕೆ ಮಕ್ಕಳಿಗೆ ಕಾಣಬಾರದೆಂದಿದ್ದರೆ ಆಲ್ಟ್ ಮತ್ತು ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಸೆಲೆಕ್ಷನ್ ಪೇನ್’ ತೆರೆದು, ಶೀರ್ಷಿಕೆಯ ಎದುರಿನ ಕಣ್ಣಿನ ಚಿಹ್ನೆಯನ್ನು ಒತ್ತಿ ಮರೆಮಾಡಿ. ಬಳಿಕ ಗುಂಡಿಯಾಗಬೇಕಾದ ಆಕೃತಿಯನ್ನು ಆರಿಸಿ, ‘ಇನ್ಸರ್ಟ್’ ಪಟ್ಟಿಯಲ್ಲಿ ‘ಆ್ಯಕ್ಷನ್’ ಒತ್ತಿ, ‘ಹೈಪರ್‌ಲಿಂಕ್ ಟು’ ಎಂಬಲ್ಲಿ ‘ಸ್ಲೈಡ್’ ಆರಿಸಿದರೆ ಆ ಪಟ್ಟಿ ಬರುತ್ತದೆ. ಅಲ್ಲಿಯೇ ಇರುವ ‘ನೆಕ್ಸ್ಟ್ ಸ್ಲೈಡ್’ ಎಂಬ ಆಯ್ಕೆಯನ್ನು ಕವಲು ಪಾಠದಲ್ಲಿ ಬಳಸದಿರುವುದು ಕ್ಷೇಮ. ನಿರ್ದಿಷ್ಟ ಸ್ಲೈಡ್‌ಗೆ ಹಾಕಿದ ಲಿಂಕ್, ನೀವು ಸ್ಲೈಡ್‌ಗಳ ಕ್ರಮವನ್ನು ಹಿಂದುಮುಂದು ಮಾಡಿದರೂ ತನ್ನ ಗುರಿಯನ್ನು ಹಿಡಿದುಕೊಂಡೇ ಇರುತ್ತದೆ. ‘ಮುಂದಿನ ಸ್ಲೈಡ್’ ಎಂಬುದು ಕ್ರಮ ಬದಲಾದೊಡನೆ ಬೇರೆಲ್ಲಿಗೋ ಹೋಗುತ್ತದೆ.

ಲಿಂಕನ್ನು ಅಕ್ಷರಗಳಿಗೆ ಹಾಕದೆ ಆಕೃತಿಗೆ ಹಾಕಬೇಕೆಂಬುದಕ್ಕೆ ಪಾಠದ ದೃಷ್ಟಿಯಿಂದಲೇ ಒಂದು ಕಾರಣವಿದೆ. ಅಕ್ಷರಗಳಿಗೆ ಹಾಕಿದ ಲಿಂಕ್‌ಗೆ ಅಡಿಗೆರೆ ಬೀಳುತ್ತದೆ, ಒಮ್ಮೆ ಒತ್ತಿದ ಮೇಲೆ ಅದರ ಬಣ್ಣ ಬದಲಾಗುತ್ತದೆ. ಮಗು ಆ ಸ್ಲೈಡ್‌ಗೆ ಮರಳಿದರೆ ಹಿಂದೆ ಯಾವುದನ್ನು ಒತ್ತಿತ್ತು ಎಂಬುದನ್ನು ಬಣ್ಣವೇ ಹೇಳಿಬಿಡುತ್ತದೆ. ಚಿತ್ರವೊಂದರ ಒಳಭಾಗವನ್ನು, ಉದಾಹರಣೆಗೆ ಕರ್ನಾಟಕದ ನಕ್ಷೆಯಲ್ಲಿ ಒಂದು ಜಿಲ್ಲೆಯನ್ನು, ಗುಂಡಿಯಾಗಿಸಬೇಕಾದಾಗ ಅದರ ಮೇಲೆ ಒಂದು ಆಕೃತಿ ಬರೆದು ಬಣ್ಣವನ್ನು ನೂರಕ್ಕೆ ನೂರು ಪಾರದರ್ಶಕವಾಗಿಸಿ. ‘ನೋ ಫಿಲ್’ ಎಂದು ಕೊಟ್ಟರೆ ಆಕೃತಿಯ ನಡುವೆ ಒತ್ತಿದ್ದು ತಾಗದೆ ಹೋಗಬಹುದು.

ಎಲ್ಲ ಲಿಂಕ್‌ಗಳೂ ಸರಿಯಾಗಿದ್ದ ಮೇಲೂ ಒಂದು ದೊಡ್ಡ ತೂತು ಉಳಿದಿರುತ್ತದೆ. ಸ್ಲೈಡ್‌ನ ಖಾಲಿ ಜಾಗದಲ್ಲಿ ಒತ್ತಿದರೆ ಪವರ್‌ಪಾಯಿಂಟ್ ತನ್ನ ಪಾಡಿಗೆ ಮುಂದಿನ ಸ್ಲೈಡ್‌ಗೆ ಹೋಗುತ್ತದೆ, ಮತ್ತು ಪ್ರಶ್ನೆಯ ಮುಂದಿನ ಸ್ಲೈಡ್ ಸಾಮಾನ್ಯವಾಗಿ ಅದರ ಉತ್ತರದ್ದೇ ಆಗಿರುತ್ತದೆ. ‘ಟ್ರಾನ್ಸಿಷನ್ಸ್’ ಪಟ್ಟಿಯಲ್ಲಿ ‘ಆನ್ ಮೌಸ್ ಕ್ಲಿಕ್’ ಎಂಬುದರ ಟಿಕ್ ತೆಗೆದರೆ ಮೌಸ್ ನಿಲ್ಲುತ್ತದೆಯಾದರೂ ಕೀಲಿಮಣೆಯ ಬಾಣದ ಕೀಲಿಗಳು ಕೆಲಸ ಮಾಡುತ್ತಲೇ ಇರುತ್ತವೆ. ಅದಕ್ಕಾಗಿ ‘ಸ್ಲೈಡ್ ಶೋ’ ಪಟ್ಟಿಯಲ್ಲಿ ‘ಸೆಟ್ ಅಪ್ ಸ್ಲೈಡ್ ಶೋ’ ತೆರೆದು, ‘ಬ್ರೌಸ್ಡ್ ಅಟ್ ಎ ಕಿಯೋಸ್ಕ್’ ಎಂಬುದನ್ನು ಆರಿಸಿ. ಆಗ ನೀವು ಇಟ್ಟ ಲಿಂಕ್‌ಗಳ ಮೂಲಕವಲ್ಲದೆ ಮಗು ಮುಂದೆ ಹೋಗಲಾರದು. ಹೊರಬರಲು ಎಸ್ಕೇಪ್ ಕೀಲಿ ಇದ್ದೇ ಇದೆ. ಇದೊಂದು ವ್ಯವಸ್ಥೆಯನ್ನು ಮರೆತರೆ ಹಾಳೆಯ ಮೇಲೆ ಬರೆದ ನಕ್ಷೆಗೆ ಬೆಲೆಯೇ ಉಳಿಯುವುದಿಲ್ಲ. ಹಾಗೆಯೇ ಕಿಯೋಸ್ಕ್ ವ್ಯವಸ್ಥೆಯಲ್ಲಿ ಲಿಂಕ್ ಹಾಕಲು ಮರೆತ ಸ್ಲೈಡ್ ಒಂದಿದ್ದರೆ ಮಗು ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ‘ಸ್ಲೈಡ್ ಮಾಸ್ಟರ್’ನಲ್ಲಿ ಮೊದಲ ಪುಟಕ್ಕೆ ಕರೆದೊಯ್ಯುವ ಒಂದು ಗುಂಡಿ ಇಟ್ಟರೆ ಅದು ಎಲ್ಲ ಸ್ಲೈಡ್‌ಗಳಲ್ಲೂ ತಾನೇ ಕಾಣಿಸಿಕೊಂಡು ಈ ತೊಂದರೆ ತಪ್ಪುತ್ತದೆ. ಕೊನೆಯಲ್ಲಿ ಕಡತವನ್ನು ‘ಪವರ್‌ಪಾಯಿಂಟ್ ಶೋ’ ರೂಪದಲ್ಲಿಯೂ ಉಳಿಸಿ ಮಕ್ಕಳಿಗೆ ಅದನ್ನೇ ಕೊಟ್ಟರೆ, ಎರಡು ಸಲ ಒತ್ತಿದೊಡನೆ ತಿದ್ದುವ ಪರದೆ ಬಾರದೆ ನೇರವಾಗಿ ಪಾಠ ಆರಂಭವಾಗುತ್ತದೆ.

ಟ್ರಿಗರ್‌ಗಳ ಉಪಯೋಗ ಪ್ರಶ್ನೆಗಿಂತ ಕಲಿಸುವ ಸ್ಲೈಡ್‌ಗಳಲ್ಲಿ ಹೆಚ್ಚು. ಆದೇಶ ಸಂಧಿಯನ್ನು ಪರಿಚಯಿಸುವಾಗ ‘ಬೆಟ್ಟ’, ‘ತಾ’, ‘ವರೆ’ ಎಂದು ಮೂರು ಪಠ್ಯಪೆಟ್ಟಿಗೆಗಳನ್ನು ಇಟ್ಟು, ‘ತಾ’ ಪೆಟ್ಟಿಗೆಯ ಜಾಗದಲ್ಲಿಯೇ ‘ದಾ’ ಎಂಬ ನಾಲ್ಕನೆಯದನ್ನು ಇಡಿ. ಬರಿಯ ‘ತ’ವನ್ನು ದೀರ್ಘದಿಂದ ಬೇರ್ಪಡಿಸಲು ಹೋಗಬೇಡಿ, ಗುಣಿತಾಕ್ಷರವನ್ನು ಇಡಿಯಾಗಿಯೇ ಇಟ್ಟರೆ ಅಕ್ಷರದ ರೂಪ ಕೆಡುವುದಿಲ್ಲ. ‘ತಾ’ಗೆ ನಿರ್ಗಮನದ ಅನಿಮೇಷನ್, ‘ದಾ’ಗೆ ಪ್ರವೇಶದ ಅನಿಮೇಷನ್ ಕೊಟ್ಟು, ಎರಡಕ್ಕೂ ‘ಟ್ರಿಗರ್’ ಎಂಬಲ್ಲಿ ‘ಆನ್ ಕ್ಲಿಕ್ ಆಫ್’ ಮೂಲಕ ‘ತಾ’ ಪೆಟ್ಟಿಗೆಯನ್ನೇ ಆರಿಸಿ, ಎರಡನೆಯದಕ್ಕೆ ‘ವಿತ್ ಪ್ರೀವಿಯಸ್’ ಎಂದು ಕೊಡಿ. ಮಗು ‘ತಾ’ವನ್ನು ಒತ್ತಿದೊಡನೆ ಅದು ಸರಿದು ಅದೇ ಜಾಗದಲ್ಲಿ ‘ದಾ’ ಬಂದು ನಿಲ್ಲುತ್ತದೆ. ಒಂದು ಅಕ್ಷರದ ಜಾಗಕ್ಕೆ ಇನ್ನೊಂದು ಬರುವುದು ಎಂಬ ಸೂತ್ರವನ್ನು ಓದಿ ಉರುಹೊಡೆಯುವುದಕ್ಕೂ, ತನ್ನ ಬೆರಳ ಒತ್ತಿಗೆ ಅದು ನಡೆಯುವುದನ್ನು ನೋಡುವುದಕ್ಕೂ ಬಹಳ ಅಂತರವಿದೆ. ಅನಿಮೇಷನ್ ಬಳಸಬೇಕಾದದ್ದು ಇಂಥಲ್ಲಿ. ಶೀರ್ಷಿಕೆ ಸುತ್ತುತ್ತಾ ಬರುವುದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ಪಟ್ಟಿಯಲ್ಲಿ ಪೆಟ್ಟಿಗೆಗಳನ್ನು ಗುರುತಿಸಲು ಸೆಲೆಕ್ಷನ್ ಪೇನ್‌ನಲ್ಲಿ ಅವುಗಳ ಹೆಸರನ್ನು ಮೊದಲೇ ಬದಲಿಸಿಕೊಂಡಿರಿ.

ಕನ್ನಡದ ಪಾಠಗಳು ಬೇರೆ ಗಣಕದಲ್ಲಿ ಕೆಡುವುದು ಹೆಚ್ಚಾಗಿ ಫಾಂಟ್‌ನಿಂದ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಗಣಕಗಳಿಗೂ ಸಮಾನವಾದ ಅಕ್ಷರಸಂಕೇತ) ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುತ್ತದೆ. ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ, ವಿಂಡೋಸ್‌ನ ಈಚಿನ ಆವೃತ್ತಿಗಳಲ್ಲಿ ಇರುವ ನಿರ್ಮಲಾ ಯುಐ ಅಥವಾ ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡ ಬಳಸಿ. ‘ಆಪ್ಷನ್ಸ್’ನ ‘ಸೇವ್’ ವಿಭಾಗದಲ್ಲಿ ಫಾಂಟನ್ನು ಕಡತದೊಳಗೇ ಸೇರಿಸುವ ಆಯ್ಕೆಯೂ ಇದೆ.

ಶಾಲೆಯ ಲ್ಯಾಬ್‌ನಲ್ಲಿ ವಿಂಡೋಸ್ ಬದಲು ಉಬುಂಟು, ಪವರ್‌ಪಾಯಿಂಟ್ ಬದಲು ಲಿಬ್ರೆಆಫೀಸ್ ಇದ್ದರೆ ಪಾಠವನ್ನು ಅದರ ಸ್ಲೈಡ್ ತಂತ್ರಾಂಶವಾದ ಇಂಪ್ರೆಸ್‌ನಲ್ಲಿಯೇ ಕಟ್ಟುವುದು ಉತ್ತಮ. ಅಲ್ಲಿ ಆಕೃತಿಯ ಮೇಲೆ ಬಲಗುಂಡಿ ಒತ್ತಿದರೆ ಸಿಗುವ ‘ಇಂಟರ್‌ಆ್ಯಕ್ಷನ್’ ಲಿಂಕ್ ಹಾಕಿಕೊಡುತ್ತದೆ; ಸ್ಲೈಡ್ ಶೋ ಸೆಟಿಂಗ್ಸ್‌ನಲ್ಲಿ ಹಿನ್ನೆಲೆಯನ್ನು ಒತ್ತಿದಾಗ ಸ್ಲೈಡ್ ಬದಲಾಗುವುದನ್ನು ನಿಲ್ಲಿಸಬಹುದು. ಗೂಗಲ್ ಸ್ಲೈಡ್ಸ್‌ನಲ್ಲಿ ಸ್ಲೈಡ್‌ನಿಂದ ಸ್ಲೈಡ್‌ಗೆ ಲಿಂಕ್ ನಡೆಯುತ್ತದೆ, ಟ್ರಿಗರ್ ಇಲ್ಲ. ಪಾಠ ಹಲವು ಬಗೆಯ ಯಂತ್ರಗಳಲ್ಲಿ ತೆರೆಯಬೇಕಾದರೆ ಕೇವಲ ಲಿಂಕ್‌ಗಳನ್ನು ನಂಬಿ ಕಟ್ಟಿ. ‘ತಾ’ ಇರುವ ಸ್ಲೈಡ್, ‘ದಾ’ ಇರುವ ಸ್ಲೈಡ್ ಎಂದು ಎರಡು ಮಾಡಿ ಜೋಡಿಸಿದರೆ ಪರಿಣಾಮ ಹೆಚ್ಚುಕಡಿಮೆ ಅದೇ.

ಈ ತಂತ್ರಾಂಶದಿಂದ ಆಗದ ಒಂದು ಮುಖ್ಯ ಕೆಲಸವಿದೆ: ಯಾವ ಮಗು ಏನು ಒತ್ತಿತು ಎಂಬುದನ್ನು ಅದು ನೆನಪಿಡುವುದಿಲ್ಲ. ಮ್ಯಾಕ್ರೋ, ಅಂದರೆ ಕಡತದೊಳಗೆ ಸೇರಿಸುವ ಚಿಕ್ಕ ಪ್ರೋಗ್ರಾಂ, ಬರೆದರೆ ಅಂಕಗಳನ್ನು ಎಣಿಸಬಹುದಾದರೂ ಮ್ಯಾಕ್ರೋಗಳು ಫೋನಿನಲ್ಲಿ, ಬ್ರೌಸರ್‌ನಲ್ಲಿ ನಡೆಯುವುದಿಲ್ಲ. ಅಂತರ್ಜಾಲದಿಂದ ಇಳಿಸಿದ ಕಡತಗಳಲ್ಲಿ ಅವನ್ನು ಮೈಕ್ರೋಸಾಫ್ಟ್ ಈಗ ತಡೆಯುತ್ತದೆ. ಅಂಕಗಳ ದಾಖಲೆಯೇ ಮುಖ್ಯವಾದರೆ ಗೂಗಲ್ ಫಾರ್ಮ್ಸ್, ಮೂಡಲ್ ಅಥವಾ ಎಚ್5ಪಿಯಂಥ ಆನ್‌ಲೈನ್ ಪಾಠ-ಪರೀಕ್ಷೆಗಳ ಸಾಧನಗಳ ಕಡೆಗೆ ಹೋಗುವುದು ಸರಿ. ಮಗು ಎಲ್ಲಿ ಎಡವಿತು ಎಂದು ತಿಳಿದರೆ ಸಾಕು ಎನ್ನುವುದಾದರೆ, ಪ್ರತಿ ಪ್ರತಿಕ್ರಿಯೆಯ ಸ್ಲೈಡ್‌ನ ಮೂಲೆಯಲ್ಲಿ ಒಂದೊಂದು ಅಕ್ಷರ ಬರೆದಿಟ್ಟು, ಎದುರಾದ ಅಕ್ಷರಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾ ಹೋಗಲು ಮಕ್ಕಳಿಗೆ ಹೇಳಿ. ಆ ಸಾಲನ್ನು ಓದಿದರೆ ಮಗು ನಡೆದ ಹಾದಿ ನಿಮಗೆ ತಿಳಿಯುತ್ತದೆ, ಮತ್ತು ತರಗತಿಯ ಅರ್ಧದಷ್ಟು ಮಕ್ಕಳು ಒಂದೇ ತಪ್ಪಿನ ಸ್ಲೈಡ್‌ಗೆ ಹೋಗಿದ್ದರೆ ಮರುದಿನ ಕಪ್ಪುಹಲಗೆಯ ಮೇಲೆ ಯಾವ ಸಂಧಿಯಿಂದ ಆರಂಭಿಸಬೇಕೆಂಬುದೂ ತಿಳಿಯುತ್ತದೆ.