ಕಾರು ನಿಂತಿರುವ ಎಂಟು ಗಂಟೆ

ಕಚೇರಿಗಳಲ್ಲಿ ವಿದ್ಯುತ್ ಮತ್ತು ಇಂಧನ ಹೇಗೆ ಖರ್ಚಾಗುತ್ತದೆ ಎಂದು ಪರಿಶೀಲಿಸಿ ವರದಿ ಕೊಡುವುದು ನನ್ನ ಉದ್ಯೋಗ. ವಿದ್ಯುತ್ ಕಾರು ಕೊಳ್ಳಬೇಕೆಂದಿರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಒಮ್ಮೆ ಚಾರ್ಜ್ ಮಾಡಿದರೆ ಅದು ಎಷ್ಟು ದೂರ ಓಡುತ್ತದೆ ಎಂಬುದು. ಪರಿಸರದ ಮೇಲಿನ ಕಾಳಜಿಯಿಂದ ಕಾರು ಕೊಳ್ಳುವವರಾದರೆ ಅದಕ್ಕಿಂತ ಮೊದಲು, ಓಡದೆ ನಿಂತಿರುವಾಗ ಅದು ಎಲ್ಲಿರುತ್ತದೆ, ಯಾವ ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ ಎಂದು ಕೇಳಬೇಕು. ಕೆಲಸಕ್ಕೆ ಬರುವವರ ಕಾರು ಹಗಲಿನ ಏಳೆಂಟು ಗಂಟೆಗಳನ್ನು ಕಚೇರಿಯ ಅಂಗಳದಲ್ಲೇ ಕಳೆಯುತ್ತದೆ. ಆ ಕಾರು ಎಷ್ಟರಮಟ್ಟಿಗೆ ಹಸಿರು ಎಂಬುದನ್ನು ತಯಾರಿಸಿದ ಕಂಪನಿಯಷ್ಟೇ ಈ ಅಂಗಳವೂ ನಿರ್ಧರಿಸುತ್ತದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಲೀಟರ್ ಪೆಟ್ರೋಲ್‌ನ ತೂಕ ಮುಕ್ಕಾಲು ಕಿಲೊಗಿಂತ ತುಸು ಕಡಿಮೆ. ಅದು ಉರಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಮಾತ್ರ ಸುಮಾರು 2.3 ಕಿಲೊ, ಏಕೆಂದರೆ ಪೆಟ್ರೋಲ್‌ನಲ್ಲಿರುವ ಇಂಗಾಲ ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಂಡು ಹೊರಗೆ ಹೋಗುತ್ತದೆ. ನೂರು ಕಿಲೋಮೀಟರ್‌ಗೆ ಆರು ಲೀಟರ್ ಕುಡಿಯುವ ಕಾರಿನ ಹೊಗೆಕೊಳವೆಯಿಂದ ಹೀಗೆ 14 ಕಿಲೊದಷ್ಟು ಅನಿಲ ಬರುತ್ತದೆ, ಕಚ್ಚಾ ತೈಲವನ್ನು ಎತ್ತಿ, ಸಂಸ್ಕರಿಸಿ, ಸಾಗಿಸಿದ ಬಾಬತ್ತನ್ನೂ ಸೇರಿಸಿದರೆ ಅದು 16–17 ಕಿಲೊ ಆಗುತ್ತದೆ. ಅದೇ ಗಾತ್ರದ ವಿದ್ಯುತ್ ಕಾರಿಗೆ ಅಷ್ಟೇ ದೂರಕ್ಕೆ, ಚಾರ್ಜ್ ಆಗುವಾಗಿನ ನಷ್ಟವೂ ಸೇರಿ, 18 ಯೂನಿಟ್ ವಿದ್ಯುತ್ ಸಾಕು. ಆ ವಿದ್ಯುತ್ತೆಲ್ಲ ಕಲ್ಲಿದ್ದಲಿನಿಂದಲೇ ಬಂದಿದ್ದರೆ ಪ್ರತಿ ಯೂನಿಟ್‌ಗೆ ಹತ್ತಿರಹತ್ತಿರ ಒಂದು ಕಿಲೊದಂತೆ 17–18 ಕಿಲೊ ಅನಿಲವಾಗಿ, ಪೆಟ್ರೋಲ್ ಕಾರಿಗೂ ಅದಕ್ಕೂ ಈ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ಬಿಸಿಲಿನಿಂದಲೋ ಗಾಳಿಯಿಂದಲೋ ಬಂದಿದ್ದರೆ, ಫಲಕ ಮತ್ತು ಗಾಳಿಯಂತ್ರಗಳ ತಯಾರಿಕೆಯ ಪಾಲನ್ನು ಹಿಡಿದರೂ, ಒಂದು ಕಿಲೊ ದಾಟುವುದಿಲ್ಲ. ಕಾರು ಒಂದೇ, ರಸ್ತೆ ಒಂದೇ; ಅಂತರ ಮಾತ್ರ ಹದಿನೇಳು ಪಟ್ಟಿನ ಆಸುಪಾಸಿನದು. ವಾಸ್ತವದಲ್ಲಿ ಹೆಚ್ಚಿನ ವಿದ್ಯುತ್ ಜಾಲಗಳು ಇವೆರಡರ ನಡುವೆ ಎಲ್ಲೋ ಇರುತ್ತವೆ. ಜಾಲ ಶುದ್ಧವಾಗುತ್ತ ಹೋದಂತೆ ಹಳೆಯ ವಿದ್ಯುತ್ ಕಾರೂ ಶುದ್ಧವಾಗುತ್ತ ಹೋಗುತ್ತದೆ. ಪೆಟ್ರೋಲ್ ಕಾರಿಗೆ ಆ ಭಾಗ್ಯವಿಲ್ಲ.

ಇನ್ನು ಬ್ಯಾಟರಿಯದು. ವಿದ್ಯುತ್ ಕಾರು ಕಾರ್ಖಾನೆಯಿಂದ ಹೊರಬರುವಾಗಲೇ ಒಂದು ಸಾಲವನ್ನು ಹೊತ್ತುಕೊಂಡು ಬರುತ್ತದೆ. ಬ್ಯಾಟರಿಯ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 60ರಿಂದ 100 ಕಿಲೊ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, 50 ಯೂನಿಟ್‌ನ ಬ್ಯಾಟರಿಗೆ ಮೂರರಿಂದ ಐದು ಟನ್ ಆಗುತ್ತದೆ. ನಡುವಿನ ನಾಲ್ಕು ಟನ್ನನ್ನೇ ತೆಗೆದುಕೊಳ್ಳೋಣ. ಅರ್ಧ ಕಲ್ಲಿದ್ದಲು, ಅರ್ಧ ಶುದ್ಧ ಮೂಲಗಳಿರುವ ವಿದ್ಯುತ್ತಿನಲ್ಲಿ ಕಾರು ಓಡಿಸಿದರೆ ನೂರು ಕಿಲೋಮೀಟರ್‌ಗೆ ಏಳು ಕಿಲೊದಷ್ಟು ಉಳಿತಾಯವಾಗಿ ಈ ಸಾಲ ತೀರಲು 55ರಿಂದ 60 ಸಾವಿರ ಕಿಲೋಮೀಟರ್ ಬೇಕು. ಬಿಸಿಲಿನ ವಿದ್ಯುತ್ತಿನಲ್ಲಾದರೆ 25 ಸಾವಿರಕ್ಕೇ ತೀರುತ್ತದೆ. ದಿನಕ್ಕೆ 40 ಕಿಲೋಮೀಟರ್ ಓಡಾಡುವ ಉದ್ಯೋಗಿಗೆ ಇದು ಐದಾರು ವರ್ಷಕ್ಕೂ ಎರಡೂವರೆ ವರ್ಷಕ್ಕೂ ಇರುವ ವ್ಯತ್ಯಾಸ. ಬೇಕಾದುದಕ್ಕಿಂತ ದೊಡ್ಡ ಬ್ಯಾಟರಿ ಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುವುದೂ ಇದೇ ಕಾರಣಕ್ಕೆ: ಬ್ಯಾಟರಿ ದೊಡ್ಡದಾದಷ್ಟೂ ಸಾಲ ದೊಡ್ಡದು. ಒಂದೇ ದಾರಿಯಲ್ಲಿ ಬರುವ ಮೂವರು ಒಂದೇ ಕಾರಿನಲ್ಲಿ ಬಂದರೆ ಉಳಿದ ಎರಡು ಕಾರುಗಳ ಹೊಗೆ ಪೂರ್ತಿ ನಿಲ್ಲುತ್ತದೆ, ಮತ್ತು ಅದಕ್ಕೆ ಹೊಸ ಬ್ಯಾಟರಿಯ ಅಗತ್ಯವೇ ಇಲ್ಲ.

ಕಚೇರಿಯ ಪಾತ್ರ ಶುರುವಾಗುವುದು ಇಲ್ಲಿ. ಚಾರ್ಜಿಂಗ್ ವ್ಯವಸ್ಥೆ ಮಾಡಬೇಕೆಂದು ತೀರ್ಮಾನಿಸಿದ ಆಡಳಿತ ವರ್ಗ ಸಾಮಾನ್ಯವಾಗಿ ಮೊದಲು ಯೋಚಿಸುವುದು ಮುಖ್ಯದ್ವಾರದ ಬಳಿ ಎಲ್ಲರಿಗೂ ಕಾಣುವಂತೆ ಒಂದು ಫಾಸ್ಟ್ ಚಾರ್ಜರ್ ನಿಲ್ಲಿಸುವುದನ್ನು. ಹೆದ್ದಾರಿಯ ಪ್ರಯಾಣಿಕರಿಗೆ ಅದು ಬೇಕು, ಎಂಟು ಗಂಟೆ ನಿಲ್ಲುವ ಕಾರಿಗೆ ಬೇಡ. ದಿನದ 40 ಕಿಲೋಮೀಟರ್‌ಗೆ ಬೇಕಾದುದು ಏಳು ಯೂನಿಟ್, 3.3 ಕಿಲೊವ್ಯಾಟ್‌ನ ಸಾಧಾರಣ ಚಾರ್ಜರ್ ಅದನ್ನು ಎರಡು ಗಂಟೆಯ ಒಳಹೊರಗೆ ತುಂಬಿಸುತ್ತದೆ. 60 ಕಿಲೊವ್ಯಾಟ್‌ನ ಒಂದು ಯಂತ್ರಕ್ಕೆ ಬೇಕಾಗುವ ವಿದ್ಯುತ್ ಮಂಜೂರಾತಿಯಲ್ಲಿ ಇಂತಹ ಹದಿನೆಂಟು ಚಾರ್ಜರ್‌ಗಳು ಏಕಕಾಲಕ್ಕೆ ನಡೆಯುತ್ತವೆ. ಇಷ್ಟಾಗಿಯೂ ಪ್ರತಿಯೊಂದಕ್ಕೂ ಪ್ರತ್ಯೇಕ ಸರ್ಕಿಟ್, ಸರಿಯಾದ ಅರ್ಥಿಂಗ್ ಮತ್ತು ಸೋರಿಕೆಯಾದರೆ ತಾನೇ ಕಡಿದುಕೊಳ್ಳುವ ಬ್ರೇಕರ್ ಇರಲೇಬೇಕು. ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಟ್ಟು ಚಾರ್ಜ್ ಮಾಡುವುದನ್ನು ಕಂಡಲ್ಲೆಲ್ಲ ನಾನು ತಕ್ಷಣ ನಿಲ್ಲಿಸಿದ್ದೇನೆ.

ಒಂದು ಕಾರು ನಿಲ್ಲುವ ಜಾಗ ಹನ್ನೆರಡು ಚದರ ಮೀಟರ್‌ನಷ್ಟಿರುತ್ತದೆ. ಅದರ ಮೇಲೆ ನೆರಳಿಗೆಂದು ಹಾಕುವ ಚಾವಣಿಯನ್ನೇ ಸೌರಫಲಕದಿಂದ ಮಾಡಿದರೆ ಸುಮಾರು ಎರಡು ಕಿಲೊವ್ಯಾಟ್‌ನಷ್ಟು ಫಲಕ ಹಿಡಿಸುತ್ತದೆ, ಮತ್ತು ಒಳ್ಳೆಯ ಬಿಸಿಲಿರುವ ದಿನ ಅದು ಏಳೆಂಟು ಯೂನಿಟ್ ಕೊಡುತ್ತದೆ. ಕಾರಿನ ತಲೆಯ ಮೇಲಿನ ನೆರಳೇ ಅದರ ದಿನದ ಓಡಾಟಕ್ಕೆ ಸಾಕಾಗುವಷ್ಟು ವಿದ್ಯುತ್ ಕೊಡುತ್ತದೆ ಎಂಬ ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿದ ದಿನ ನನಗೇ ನಂಬಿಕೆ ಬಾರದೆ ಮತ್ತೊಮ್ಮೆ ಕೂಡಿಸಿ ನೋಡಿದ್ದೆ. ಮನೆಯಲ್ಲಿ ರಾತ್ರಿ ಚಾರ್ಜ್ ಮಾಡುವವರಿಗೆ ಬಿಸಿಲು ಸಿಗುವುದಿಲ್ಲ. ಹಗಲಿನ ಬಿಸಿಲೂ ನಿಂತ ಕಾರೂ ಒಟ್ಟಿಗೆ ಸಿಗುವ ಸ್ಥಳ ಕಚೇರಿ.

ಕಾರಿನ ಮಾತು ಮುಗಿದ ಮೇಲೆ ನಾನು ಕಚೇರಿಯ ಮೀಟರನ್ನು ರಾತ್ರಿಯಲ್ಲಿ ನೋಡಲು ಅನುಮತಿ ಕೇಳುತ್ತೇನೆ. ಒಂದು ಕಚೇರಿಯಲ್ಲಿ ರಾತ್ರಿ ಹನ್ನೊಂದಕ್ಕೆ ಮೀಟರ್ ಓದಿ, ಬೆಳಗಿನ ಐದಕ್ಕೆ ಮತ್ತೆ ಓದಿದೆ. ಆರು ಗಂಟೆಯಲ್ಲಿ 84 ಯೂನಿಟ್, ಅಂದರೆ ಯಾರೂ ಇಲ್ಲದ ಕಟ್ಟಡದಲ್ಲಿ ಸತತ 14 ಕಿಲೊವ್ಯಾಟ್. ಸರ್ವರ್ ಕೋಣೆ, ಕಾವಲಿನ ದೀಪ, ಕ್ಯಾಮೆರಾಗಳಿಗೆ ಐದು ಸಾಕು. ಉಳಿದ ಒಂಬತ್ತನ್ನು ಹುಡುಕುತ್ತ ಮಹಡಿ ಮಹಡಿ ಹತ್ತಿದಾಗ ಎರಡನೆಯ ಮಹಡಿಯ ಸಭಾಕೋಣೆಗಳ ಏಸಿ ಖಾಲಿ ಕುರ್ಚಿಗಳನ್ನು ತಣ್ಣಗಿಡುತ್ತಿತ್ತು. ಅದರ ಟೈಮರ್ ಪೆಟ್ಟಿಗೆಯನ್ನು ತೆರೆದು ನೋಡಿದರೆ, ವಿದ್ಯುತ್ ಹೋದಾಗಲೆಲ್ಲ ನಿಂತು ನಿಂತು ಗಡಿಯಾರ ಹಲವು ಗಂಟೆ ಹಿಂದೆ ಬಿದ್ದಿತ್ತು. ಬೆಳಿಗ್ಗೆ ಏಸಿ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲವೆಂದು ಯಾರೋ ಗುಬುಟನ್ನು ‘ಮ್ಯಾನ್ಯುಯಲ್’ ಎಂಬಲ್ಲಿಗೆ ತಿರುಗಿಸಿ ಹೋಗಿದ್ದರು. ಆ ದಿನದಿಂದ ಅದು ನಿಂತೇ ಇರಲಿಲ್ಲ. ಒಂಬತ್ತು ಕಿಲೊವ್ಯಾಟ್ ಹನ್ನೆರಡು ಗಂಟೆ ವ್ಯರ್ಥವಾದರೆ 108 ಯೂನಿಟ್. ಹದಿನೈದು ಉದ್ಯೋಗಿಗಳ ವಿದ್ಯುತ್ ಕಾರುಗಳು ಮನೆಗೂ ಕಚೇರಿಗೂ ಒಂದು ದಿನ ಓಡಾಡಲು ಬೇಕಾಗುವಷ್ಟು. ಬ್ಯಾಟರಿ ಇರುವ ಹೊಸ ಟೈಮರ್ ಹಾಕಿಸಿದೆವು, ಕೆಲಸ ಅರ್ಧ ದಿನದಲ್ಲಿ ಮುಗಿಯಿತು.

ಏಸಿಯ ವಿಷಯದಲ್ಲಿ ವಿದ್ಯುತ್ ಬಿಲ್ಲಿನಲ್ಲಿ ಕಾಣಿಸದ ಇನ್ನೊಂದು ಸಂಗತಿಯಿದೆ. ಅನೇಕ ಏಸಿಗಳಲ್ಲಿರುವ ಆರ್-410ಎ ಎಂಬ ಅನಿಲ ಒಂದು ಕಿಲೊ ಸೋರಿಹೋದರೆ, ನೂರು ವರ್ಷದ ಲೆಕ್ಕದಲ್ಲಿ ಅದು ವಾತಾವರಣವನ್ನು ಕಾಯಿಸುವ ಪ್ರಮಾಣ ಎರಡು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಒಂದು ವಿದ್ಯುತ್ ಕಾರು ಮಿಶ್ರ ವಿದ್ಯುತ್ತಿನಲ್ಲಿ 28 ಸಾವಿರ ಕಿಲೋಮೀಟರ್ ಓಡಿ ಉಳಿಸಿದ್ದನ್ನು ಸಡಿಲವಾದ ಒಂದು ಕೊಳವೆಯ ಜೋಡಣೆ ಕಳೆದುಬಿಡಬಲ್ಲದು. ಇಂತಹ ಅನಿಲಗಳನ್ನು ಹಂತಹಂತವಾಗಿ ತಗ್ಗಿಸಲು 2016ರಲ್ಲಿ ಕಿಗಾಲಿ ತಿದ್ದುಪಡಿ ಒಪ್ಪಂದವಾದದ್ದು ಇದೇ ಕಾರಣಕ್ಕೆ. ರಿಪೇರಿಗೆ ಬಂದವರು ‘ಗ್ಯಾಸ್ ತುಂಬಿದ್ದೇವೆ’ ಎಂದರೆ ಎಷ್ಟು ಕಿಲೊ ತುಂಬಿದರು, ಹಳೆಯದು ಎಲ್ಲಿಂದ ಸೋರಿತು ಎಂದು ಕೇಳಿ ಬರೆದಿಡಿ. ಕಂಪ್ಯೂಟರ್‌ಗಳ ಬಗ್ಗೆ ಒಂದೇ ಮಾತು: ಲ್ಯಾಪ್‌ಟಾಪ್‌ನ ಜೀವಮಾನದ ಹೊರಸೂಸುವಿಕೆಯಲ್ಲಿ ಹೆಚ್ಚಿನ ಪಾಲು ಅದರ ತಯಾರಿಕೆಯದೇ ಆದ್ದರಿಂದ, ಮೂರು ವರ್ಷಕ್ಕೆ ಬದಲಿಸುವುದನ್ನು ಐದಕ್ಕೆ ಮುಂದೂಡುವುದೇ ದೊಡ್ಡ ಉಳಿತಾಯ.

ವರದಿ ಬರೆಯುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ಸಂಸ್ಥೆಗಳ ಹೊರಸೂಸುವಿಕೆಯನ್ನು ಲೆಕ್ಕ ಹಾಕಲು 2001ರಿಂದ ಬಳಕೆಯಲ್ಲಿರುವ ಜಿಎಚ್‌ಜಿ (ಹಸಿರುಮನೆ ಅನಿಲ) ಪ್ರೋಟೊಕಾಲ್ ಎಂಬ ನಿಯಮಾವಳಿ ಅದನ್ನು ಮೂರು ವರ್ಗವಾಗಿ ವಿಂಗಡಿಸುತ್ತದೆ: ತಾನೇ ಉರಿಸಿದ ಇಂಧನದಂಥ ನೇರ ಬಾಬತ್ತುಗಳು, ಕೊಂಡ ವಿದ್ಯುತ್, ಮತ್ತು ಉದ್ಯೋಗಿಗಳ ಓಡಾಟವೂ ಸೇರಿದಂತೆ ಉಳಿದ ಪರೋಕ್ಷ ಬಾಬತ್ತುಗಳು. ಉದ್ಯೋಗಿಯೊಬ್ಬರು ಪೆಟ್ರೋಲ್ ಬಿಟ್ಟು ಕಚೇರಿಯಲ್ಲಿ ಚಾರ್ಜ್ ಮಾಡತೊಡಗಿದರೆ ಮೂರನೆಯ ವರ್ಗದಲ್ಲಿದ್ದ ಭಾರ ಇಳಿದು, ಅದರ ಚಿಕ್ಕ ಭಾಗ ಎರಡನೆಯದಕ್ಕೆ ಬಂದು ಕೂರುತ್ತದೆ. ಓಡಾಟವನ್ನು ಲೆಕ್ಕಕ್ಕೆ ಹಿಡಿಯದ ಕಚೇರಿಗೆ ವಿದ್ಯುತ್ ಬಳಕೆ ಏರಿದ್ದಷ್ಟೇ ಕಂಡು, ಚಾರ್ಜರ್‌ಗಳೇ ತಪ್ಪಿತಸ್ಥರಾಗುತ್ತವೆ. ಒಳ್ಳೆಯ ಕೆಲಸವೊಂದು ಹೀಗೆ ಕಾಗದದ ಮೇಲೆ ಸೋತು ನಿಂತುಹೋದದ್ದನ್ನು ಕಂಡು ನನಗೆ ನಿಜವಾಗಿಯೂ ನೋವಾಗಿದೆ. ಚಾರ್ಜರ್‌ಗಳಿಗೆ ಮೊದಲ ದಿನವೇ ಪ್ರತ್ಯೇಕ ಮೀಟರ್ ಹಾಕಿಸಿ, ಯಾರು ಎಷ್ಟು ದೂರದಿಂದ ಯಾವ ವಾಹನದಲ್ಲಿ ಬರುತ್ತಾರೆ ಎಂಬುದನ್ನು ವರ್ಷಕ್ಕೊಮ್ಮೆ ಕೇಳಿ ಬರೆದುಕೊಂಡರೆ ಈ ಗೊಂದಲ ಬಾರದು.

ಆ ಪಟ್ಟಿಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಲು ಹೇಳುತ್ತೇನೆ: ಮನೆಯಲ್ಲಿ ಚಾರ್ಜ್ ಮಾಡಲು ನಿಮಗೆ ಜಾಗವಿದೆಯೇ? ಬಾಡಿಗೆ ಮನೆಯಲ್ಲಿರುವವರು, ರಸ್ತೆಬದಿಯಲ್ಲಿ ವಾಹನ ನಿಲ್ಲಿಸುವವರು, ವಿದ್ಯುತ್ ಸ್ಕೂಟರ್‌ನಲ್ಲಿ ಬರುವ ಕಾವಲು ಮತ್ತು ಶುಚಿ ಸಿಬ್ಬಂದಿ, ಇವರಲ್ಲಿ ಹಲವರು ‘ಇಲ್ಲ’ ಎಂದು ಬರೆಯುತ್ತಾರೆ. ಅಂತಹವರಿಗೆ ಕಚೇರಿಯ ಪ್ಲಗ್ ಸಿಕ್ಕರೆ ಮಾತ್ರ ವಿದ್ಯುತ್ ವಾಹನ ಕೊಳ್ಳುವ ಯೋಚನೆಗೆ ಅರ್ಥ ಬರುತ್ತದೆ. ಮೊದಲ ಆರು ಚಾರ್ಜರ್‌ಗಳನ್ನು ಹಿರಿಯ ಅಧಿಕಾರಿಗಳ ಹೆಸರಿಗೆ ಬರೆಯದೆ ಇವರಿಗೆ ಮೀಸಲಿಡಿ, ಅವುಗಳಲ್ಲಿ ಎರಡನ್ನಾದರೂ ಸ್ಕೂಟರ್ ನಿಲ್ಲುವ ಕಡೆ ಹಾಕಿಸಿ ಎಂದು ನನ್ನ ಪ್ರತಿ ವರದಿಯ ಮೊದಲ ಪುಟದಲ್ಲೇ ಬರೆಯುತ್ತೇನೆ.